ಐದು ಕೆಂಪು ಕ್ಲಿಪ್ಪು

ಫೆಬ್ರವರಿ 3

ಪ್ರೀತಿಯ ಅಕ್ಕನಿಗೆ,

ನಿನ್ನ ವಕೀಲನ ನಮಸ್ಕಾರ. ಚಿಕ್ಕಂದಿನಲ್ಲಿ ಸ್ನಾನಕ್ಕೆ ಕರೆದರೂ ವಾದ ಹೂಡುತ್ತಿದ್ದೆ ಎಂದು ನೀನಿಟ್ಟ ಹೆಸರು. ಈಗ ಕಂಪನಿಯ ಮುಖ್ಯ ಕಚೇರಿಯಲ್ಲಿ, ಸಿಬ್ಬಂದಿ ವಿಭಾಗದ ಮೂಲೆಯ ಮೇಜಿನಲ್ಲಿ ಕುಳಿತಿದ್ದೇನೆ. ಇಲ್ಲಿ ನನ್ನ ವಾದ ಕೇಳುವವರಿಲ್ಲ, ನಾಲಿಗೆಗೆ ತುಕ್ಕು ಹಿಡಿದಿದೆ.

ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಮ್ಮ ಐದು ಲಾಂಡ್ರಿ ಶಾಖೆಗಳಿಂದ ಅರವತ್ತಮೂರು ಜನ ಕೆಲಸ ಬಿಟ್ಟರು. ಯಾಕೆ ಬಿಟ್ಟರು ಎಂದು ಹಿರಿಯ ಸಾಹೇಬರಿಗೆ ಈಗ ಯೋಚನೆ ಹತ್ತಿದೆ. ಕಾಯಿಲೆ ಬಿದ್ದರೆ ಸಂಬಳದ ರಜೆ ಇಲ್ಲ, ಒಂದು ದಿನ ತಪ್ಪಿಸಿದರೆ ಆ ತಿಂಗಳ ಹಾಜರಿ ಭತ್ಯೆಯೂ ಇಲ್ಲ, ಇನ್ನೇನು ಮಾಡುತ್ತಾರೆ ಎಂದು ನಾನು ಧೈರ್ಯ ಮಾಡಿ ಹೇಳಿದೆ. "ಹಾಗಾದ್ರೆ ನೀವೇ ಒಂದು ನಿಯಮ ಬರ್ಕೊಂಡು ಬನ್ನಿ" ಅಂದರು. ಬಾಯಿ ಬಿಟ್ಟವನ ಹೆಗಲಿಗೇ ಮೂಟೆ ಬಿತ್ತು.

ವರ್ಷಕ್ಕೆ ಹನ್ನೆರಡು ದಿನ ಸಂಬಳ ಸಹಿತ ಕಾಯಿಲೆ ರಜೆ, ವೈದ್ಯರ ಚೀಟಿ ತಂದರೆ ಸಾಕು ಎಂದು ಕರಡು ಮಾಡಿದ್ದೇನೆ. ನೀನು ಅದರಲ್ಲೊಂದು ಶಾಖೆಯ ಬಟ್ಟೆ ಮಡಚುವ ಮೇಜಿನಲ್ಲಿ ಇಪ್ಪತ್ತು ವರ್ಷ ನಿಂತವಳು, ಹನ್ನೊಂದು ವರ್ಷದಿಂದ ಅದರ ಇನ್‌ಚಾರ್ಜ್. ಅಲ್ಲಿ ಒಬ್ಬಳಿಗೆ ಹುಷಾರು ತಪ್ಪಿದರೆ ನಿಜವಾಗಿ ಏನಾಗುತ್ತದೆ ಬರೆ. ಫೋನಿನಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆ ಕಣೋ, ನೀನು ಊಟ ಮಾಡಿದ್ಯಾ?" ಅಂತ ಮುಗಿಸಿಬಿಡುತ್ತೀಯ. ಪತ್ರದಲ್ಲಿ ಮಾತ್ರ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಕಚೇರಿಯ ಟಪಾಲು ಚೀಲ ವಾರಕ್ಕೆರಡು ಸಲ ಹೋಗಿ ಬರುತ್ತದೆ, ಎಂದಿನಂತೆ ಅದರಲ್ಲೇ ಹಾಕು.

ನಿನ್ನ
ವಕೀಲ

ಫೆಬ್ರವರಿ 13

ವಕೀಲ ಸಾಹೇಬರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಬಾಯ್ಲರಿಗೆ ಮಾತ್ರ ಕೆಮ್ಮು. ನಿನ್ನ ಪತ್ರ ಬಿಚ್ಚುವಾಗ ನಗು ಬಂತು. ಅಮ್ಮ ದಿಂಬಿನ ಚೀಲ ಮಡಚುತ್ತಿದ್ದ ಹಾಗೆ ಈಗಲೂ ಕಾಗದದ ಮೂಲೆಯನ್ನು ಒಳಗೆ ಸಿಕ್ಕಿಸುತ್ತೀಯ. ಗೋಂದು ಬೇಡ, ಪಿನ್ನು ಬೇಡ.

ನಿನ್ನ ಕರಡಿನ ಬಗ್ಗೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ವೈದ್ಯರ ಚೀಟಿ ಎಂದು ಬರೆದಿದ್ದೀಯಲ್ಲ, ಅದನ್ನು ಬರೆದವನು ಎಂದಾದರೂ ಜ್ವರದಲ್ಲಿ ಸರತಿ ಸಾಲಿನಲ್ಲಿ ನಿಂತಿದ್ದಾನೆಯೇ? ಮೈ ಸುಡುತ್ತಿರುವವಳು ಎದ್ದು, ಎರಡು ಬಸ್ಸು ಹತ್ತಿ, ಅರ್ಧ ದಿನ ಬೆಂಚಿನ ಮೇಲೆ ಕುಳಿತು, "ವಿಶ್ರಾಂತಿ ಬೇಕು" ಎಂದು ಬರೆಸಿಕೊಂಡು ಬರಬೇಕು. ಅಷ್ಟು ಶಕ್ತಿ ಇದ್ದರೆ ಅವಳು ಕೆಲಸಕ್ಕೇ ಬರುತ್ತಿದ್ದಳು. ಇನ್ನು ಎಲ್ಲ ನೋವಿಗೂ ಚೀಟಿ ಇರುವುದಿಲ್ಲ. ಮಗುವಿಗೆ ರಾತ್ರಿಯೆಲ್ಲ ವಾಂತಿ, ಇವಳಿಗೆ ನಿದ್ದೆ ಇಲ್ಲ. ಇದಕ್ಕೆ ಯಾವ ಡಾಕ್ಟರು ಚೀಟಿ ಕೊಡುತ್ತಾನೆ?

ಹಾಗಾದರೆ ನಾವು ಹೇಗೆ ನಡೆಸುತ್ತೇವೆ ಎಂದು ಕೇಳಿದ್ದೀಯಲ್ಲ. ಇದು ನಿನಗೆ, ಕಚೇರಿಗಲ್ಲ. ನನ್ನ ಡ್ರಾಯರಿನಲ್ಲಿ ಐದು ಕೆಂಪು ಕ್ಲಿಪ್ಪು ಇವೆ, ತಾರಸಿಯ ಮೇಲೆ ಬಣ್ಣದ ಬಟ್ಟೆ ಒಣಹಾಕುವ ಕ್ಲಿಪ್ಪು. ಮೈಗೆ ಆಗದವಳು, ಮನಸ್ಸಿಗೆ ಆಗದವಳು, ಬೆಳಿಗ್ಗೆ ಬಂದು ಒಂದನ್ನು ತೆಗೆದು ಏಪ್ರನ್ನಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ನಮ್ಮ ಮೇಜಿನಲ್ಲಿ ಇಪ್ಪತ್ತೊಂದು ಜನ, ತಲೆಗೆ ದಿನಕ್ಕೆ ಇನ್ನೂರು ಬೆಡ್‌ಶೀಟು ಮಡಚಬೇಕು, ಇನ್ನೂರಕ್ಕೆ ಒಂದು ಕಡಿಮೆಯಾದರೂ ಭತ್ಯೆ ಖೋತಾ. ಕ್ಲಿಪ್ಪು ಹಾಕಿದವಳ ಗಾಡಿಗೆ ಉಳಿದ ಇಪ್ಪತ್ತು ಜನ ತಲೆಗೆ ಹತ್ತು ಹಾಕುತ್ತೇವೆ. ಅವಳು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕುಳಿತು ಹರಿದದ್ದನ್ನು ನೋಡುತ್ತಾಳೆ, ಕೈಲಾದರೆ ನಾಲ್ಕು ಮಡಚುತ್ತಾಳೆ. ಎಣಿಸಲು ಬರುವ ನಮ್ಮ ಗಡಿಯಾರ (ಟೈಮ್‌ಕೀಪರನಿಗೆ ನಾವಿಟ್ಟ ಹೆಸರು) ಗಾಡಿ ಮಾತ್ರ ನೋಡುತ್ತಾನೆ, ಮುಖ ನೋಡುವುದಿಲ್ಲ.

ಎರಡು ದಿನಕ್ಕಿಂತ ಹೆಚ್ಚು ಯಾರೂ ಇಟ್ಟುಕೊಳ್ಳಬಾರದು. ಐದಕ್ಕಿಂತ ಹೆಚ್ಚು ಕ್ಲಿಪ್ಪು ಇಲ್ಲ, ಹೆಚ್ಚಾದರೆ ಉಳಿದವರ ಸೊಂಟ ಮುರಿಯುತ್ತದೆ. ಹನ್ನೊಂದು ವರ್ಷದಲ್ಲಿ ಐದೂ ಖಾಲಿಯಾದದ್ದು ಎರಡೇ ದಿನ. ನಿಮ್ಮ ಸಾಹೇಬರು ನಮ್ಮನ್ನು ನಂಬದಿದ್ದರೂ ನಾವು ಒಬ್ಬರನ್ನೊಬ್ಬರು ನಂಬಿದ್ದೇವೆ.

ಈಗ ಒಬ್ಬಳಿದ್ದಾಳೆ. ಡಿಸೆಂಬರಿನಿಂದ ಅವಳ ಬಲಗೈ ಮರಗಟ್ಟುತ್ತದೆ. ಬೆಳಿಗ್ಗೆ ಮೂಲೆ ಹಿಡಿದರೆ ಬೆರಳಿನಲ್ಲಿ ಬಟ್ಟೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹೇಳಿಕೊಂಡರೆ "ಕೆಲಸಕ್ಕೆ ಅನರ್ಹ" ಎಂದು ಮನೆಗೆ ಕಳಿಸುತ್ತಾರೆ, ಹಿಂದೆ ಇಸ್ತ್ರಿ ರೋಲರಿನಲ್ಲಿ ನಿಲ್ಲುತ್ತಿದ್ದವಳನ್ನು ಕಳಿಸಿದ ಹಾಗೆ. ಇಂಥವಳಿಗೆ ನಿನ್ನ ಹನ್ನೆರಡು ದಿನದಲ್ಲಿ ಏನಿದೆ ನೋಡು.

ಈ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ತುಂಬಾ ಕೆಲಸ.

ಅಕ್ಕ

ಫೆಬ್ರವರಿ 24

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡು ವರ್ಷದಿಂದ ಇಲ್ಲಿ ಕುಳಿತು ನಿಯಮ ಬರೆಯುತ್ತಿದ್ದೇವೆ, ಆದರೆ ಐದು ಕ್ಲಿಪ್ಪಿನಲ್ಲಿ ನೀವು ಮಾಡಿದ್ದನ್ನು ನಮ್ಮ ನಲವತ್ತು ಪುಟದ ಕೈಪಿಡಿ ಮಾಡಿಲ್ಲ. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ಕರಡು ತಿದ್ದಿದ್ದೇನೆ. ಮೊದಲ ಮೂರು ದಿನಕ್ಕೆ ಚೀಟಿ ಬೇಡ, ಆಮೇಲೆ ಮಾತ್ರ. ಸಾಹೇಬರು "ಕಾರ್ಮಿಕರು ದುರುಪಯೋಗ ಮಾಡ್ಕೊಂಡ್ರೆ?" ಎಂದು ಕೇಳುತ್ತಾರೆ ಎಂದು ಗೊತ್ತಿತ್ತು, ಅದಕ್ಕೇ ಉದಾಹರಣೆಯಾಗಿ ಕೆಂಪು ಕ್ಲಿಪ್ಪಿನ ಕಥೆಯನ್ನು ಟಿಪ್ಪಣಿಯಲ್ಲಿ ಸೇರಿಸಿದೆ. ಹೆದರಬೇಡ, ಶಾಖೆಯ ಹೆಸರಿಲ್ಲ, ಯಾರ ಹೆಸರೂ ಇಲ್ಲ. "ನಮ್ಮ ಒಂದು ಶಾಖೆಯಲ್ಲಿ" ಎಂದಷ್ಟೇ ಬರೆದಿದ್ದೇನೆ. ಸಾಹೇಬರು ಎರಡು ಸಲ ಓದಿ, "ಇದು ಚೆನ್ನಾಗಿದೆ ಕಣ್ರೀ" ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದರು.

ಆ ಕೈ ಮರಗಟ್ಟುವ ಹೆಂಗಸಿಗೆ ಹೇಳು: ಅದು ಮಣಿಕಟ್ಟಿನ ನರ ಒತ್ತಿಕೊಂಡಿರಬೇಕು. ನಮ್ಮ ವಿಭಾಗದ ಟೈಪಿಸ್ಟರಿಗೆ ಆಗಿತ್ತು. ಸಣ್ಣ ಆಪರೇಷನ್, ತಡಮಾಡಿದರೆ ಮಾತ್ರ ಕೈ ಪೂರ್ತಿ ಸೋಲುತ್ತದೆಯಂತೆ. ಮೊಂಡು ಹೆಂಗಸಾಗಿದ್ದರೆ ನೀನೇ ಕಿವಿ ಹಿಡಿದು ಎಳೆದುಕೊಂಡು ಹೋಗು. ನೀನು ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ನಿನ್ನ
ವಕೀಲ

ಮಾರ್ಚ್ 6

ವಕೀಲ,

ನಿನಗೆ, ಕಚೇರಿಗಲ್ಲ ಎಂದು ಬರೆದಿದ್ದೆ.

ಐದು ಶಾಖೆಯಲ್ಲಿ ತಾರಸಿಯ ಮೇಲೆ ಬಟ್ಟೆ ಒಣಹಾಕುವುದು ನಾವು ಮಾತ್ರ. ಉಳಿದ ಕಡೆ ಎಲ್ಲ ಯಂತ್ರದಲ್ಲೇ ಒಣಗುತ್ತದೆ, ಅಲ್ಲಿ ಕ್ಲಿಪ್ಪೇ ಇಲ್ಲ. ನೀನು ಹೆಸರು ಬರೆಯದಿದ್ದರೇನು, ಮುಖವನ್ನೇ ಬರೆದುಕೊಟ್ಟಿದ್ದೀಯ.

ಒಬ್ಬಳ ಎಣಿಕೆಗೆ ಇನ್ನೊಬ್ಬಳು ಮಡಚಿದ್ದನ್ನು ನೀನು ಒಳ್ಳೆಯತನ ಎಂದು ಓದಿದೆ. ಅವರು ಸುಳ್ಳು ಲೆಕ್ಕ ಎಂದು ಓದುತ್ತಾರೆ.

ಅಕ್ಕ

ಮಾರ್ಚ್ 10

ಅಕ್ಕ,

ನಾನು ಎರಡು ಪುಟ ಬರೆದರೆ ನೀನು ನಾಲ್ಕು ಸಾಲು. ಅದನ್ನೂ ಕಾಗೆ ಕಾಲು ಗುಬ್ಬಿ ಕಾಲು ಎಂದು ಗೀಚಿ ಸಿಟ್ಟು ತೋರಿಸಬೇಕಿತ್ತೇ? ಶಾಲೆಯಲ್ಲಿ ನನ್ನ ಅಕ್ಷರ ತಿದ್ದಿಸಿದವಳು ನೀನು.

ನಾನು ಯಾರಿಗಾಗಿ ಇದನ್ನು ಮಾಡುತ್ತಿದ್ದೇನೆ? ನಿಮಗಾಗಿಯೇ ಅಲ್ಲವೇ? ನೀವು ಹನ್ನೊಂದು ವರ್ಷ ಕದ್ದು ಮುಚ್ಚಿ ಮಾಡಿದ್ದನ್ನು ಎಲ್ಲರೂ ತಲೆಯೆತ್ತಿ ಮಾಡುವ ಹಾಗೆ ಮಾಡಹೊರಟಿದ್ದೇನೆ. ಇಲ್ಲಿ ಯಾರೂ ತಪ್ಪು ತಿಳಿದಿಲ್ಲ. ಏನೂ ಆಗುವುದಿಲ್ಲ, ಸುಮ್ಮನೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡ.

ಸಿಟ್ಟು ಇಳಿದ ಮೇಲೆ ಉದ್ದದ ಪತ್ರ ಬರೆ.

ವಕೀಲ

ಮಾರ್ಚ್ 20

ವಕೀಲ,

ಏನೂ ಆಗುವುದಿಲ್ಲ ಅಂದಿದ್ದೆ. ನಿನ್ನೆ ನೋಟಿಸು ಬಂತು.

ನಮ್ಮ ಮ್ಯಾನೇಜರು ಲಕೋಟೆಯನ್ನು ನನ್ನ ಕೈಗೆ ಕೊಟ್ಟು, "ನಂಗೇನೂ ಗೊತ್ತಿಲ್ಲಮ್ಮ, ಮೇಲಿಂದ ಬಂದಿದೆ" ಅಂದರು. ಮೇಜಿನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸುಳ್ಳು ಎಣಿಕೆಗೆ ಅವಕಾಶ ಕೊಟ್ಟಿದ್ದಕ್ಕೆ ನನ್ನನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕೇಳಿದ್ದಾರೆ. ಕಳೆದ ಆರು ತಿಂಗಳಲ್ಲಿ ಯಾರು ಯಾರು ಕ್ಲಿಪ್ಪು ಹಾಕಿದರು, ಹೆಸರು ಬರೆದುಕೊಟ್ಟರೆ ನನ್ನ ವಿಷಯವನ್ನು "ಸಹಾನುಭೂತಿಯಿಂದ" ನೋಡುತ್ತಾರಂತೆ. ಏಳು ದಿನ ಗಡುವು.

ಕಾಗದ ಬಿಚ್ಚಿದೆ. ಮೂಲೆ ಒಳಗೆ ಸಿಕ್ಕಿಸಿ ಮಡಚಿದ್ದರು. ಅಮ್ಮನ ಮಡಿಕೆ.

ಓದುವ ಮೊದಲೇ ಯಾರು ಬರೆದದ್ದು ಎಂದು ಗೊತ್ತಾಯಿತು. ಅಲ್ಲಿ ಇದೆಲ್ಲ ನಡೆಯುತ್ತಿದ್ದಾಗ ನನಗೆ ಒಂದು ಸಾಲು ಬರೆಯಲು ನಿನಗೆ ಏನಾಗಿತ್ತು? ನೋಟಿಸಿಗಿಂತ ಇದು ನೋವಾಯಿತು. ಹೇಳದೆ ಇರಲಾರೆ.

ಪಟಾಕಿ (ನನ್ನ ಎಡಗಡೆ ನಿಲ್ಲುವವಳು, ಸಿಡಿಯದೆ ಒಂದು ಗಂಟೆ ಇರಲಾರಳು) "ಎಲ್ರ ಹೆಸ್ರೂ ಬರ್ದ್‌ಕೊಟ್ಬಿಡಕ್ಕ, ಇಪ್ಪತ್ತೊಂದು ಜನಾನ್ನೂ ತೆಗೀತಾರಾ?" ಅನ್ನುತ್ತಾಳೆ. ತೆಗೆಯುತ್ತಾರೆ. ಅಥವಾ ಏಳು ಜನರನ್ನು ತೆಗೆದು ಉಳಿದವರನ್ನು ಹೆದರಿಸುತ್ತಾರೆ. ನನಗೆ ನಿಮ್ಮ ಕಂಪನಿ ಹೊಸದಲ್ಲ.

ಅಕ್ಕ

ಮಾರ್ಚ್ 23

ಅಕ್ಕ,

ಹೌದು, ನಾನೇ ಟೈಪ್ ಮಾಡಿದೆ. ಮಾರ್ಚ್ ಎಂಟಕ್ಕೇ ಲೆಕ್ಕ ತಪಾಸಣೆಯವರು ನನ್ನ ಟಿಪ್ಪಣಿ ಹಿಡಿದುಕೊಂಡು ಬಂದಿದ್ದರು. ಹತ್ತನೇ ತಾರೀಕು ನಿನಗೆ ಏನೂ ಆಗುವುದಿಲ್ಲ ಎಂದು ಬರೆಯುವಾಗ ನನಗೆ ಅದು ಗೊತ್ತಿತ್ತು. ತಣ್ಣಗಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಗಡುವು ಮೂರು ದಿನ ಎಂದಿದ್ದನ್ನು ಏಳಕ್ಕೆ ಏರಿಸಿದ್ದು ನಾನು. ನನ್ನಿಂದ ಆದದ್ದು ಅಷ್ಟೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ನಿನ್ನ ತಮ್ಮ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರುವಾಗ "ಕಂಪನಿಯಲ್ಲಿ ಸಂಬಂಧಿಕರು ಇದ್ದಾರೆಯೇ" ಎಂದು ಕೇಳಿದ್ದ ಕಡೆ ಇಲ್ಲ ಎಂದು ಬರೆದೆ. ಶಾಖೆಯವರ ಮನೆಯವರನ್ನು ಸಿಬ್ಬಂದಿ ವಿಭಾಗಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳಿದ್ದೆ. ನಿನಗೆ ಹೇಳಿದ್ದರೆ ಅಂದೇ ಕಪಾಳಕ್ಕೆ ಬಿಗಿಯುತ್ತಿದ್ದೆ. ನಾಳೆ ಸಾಹೇಬರ ಮುಂದೆ ಹೋಗಿ ಹೇಳುತ್ತೇನೆ.

ಅದಕ್ಕೆ ಮುಂಚೆ ನನ್ನ ಮಾತು ಕೇಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲರ ಹೆಸರು ಬೇಡ, ಒಂದೇ ಹೆಸರು ಕೊಡು. ಆ ಕೈ ಮರಗಟ್ಟುವ ಹೆಂಗಸಿನದು. ಡಿಸೆಂಬರಿನಿಂದ ಹೆಚ್ಚು ದಿನ ಹಾಕಿಕೊಂಡವಳು ಅವಳೇ ತಾನೆ? ಅವಳಿಗೆ ನಿಜವಾದ ಕಾಯಿಲೆ ಇದೆ, ಅದೂ ಇದೇ ಕೆಲಸದಿಂದ ಬಂದದ್ದು. ಅವಳನ್ನು ಸುಲಭವಾಗಿ ತೆಗೆಯಲು ಆಗುವುದಿಲ್ಲ. ನೀನು ಉಳಿಯುತ್ತೀಯ, ಉಳಿದ ಹತ್ತೊಂಬತ್ತು ಜನ ಉಳಿಯುತ್ತಾರೆ. ಅವಳೊಬ್ಬಳು ಸ್ವಲ್ಪ ಸಹಿಸಿಕೊಳ್ಳಬೇಕಾಗುತ್ತದೆ. ಕೆಟ್ಟ ಸಲಹೆ ಎಂದು ಗೊತ್ತು, ಆದರೆ ನನ್ನ ಕಣ್ಣಿಗೆ ಬೇರೆ ದಾರಿ ಕಾಣುತ್ತಿಲ್ಲ.

ತಪ್ಪಾಯಿತು ಅಕ್ಕ. ಹೊಟ್ಟೆಗೆ ಹಾಕಿಕೋ.

ವಕೀಲ

ಏಪ್ರಿಲ್ 2

ವಕೀಲ,

ನೀನು ಹೇಳಿದ ಹಾಗೆಯೇ ಮಾಡಿದೆ. ಆ ಹೆಂಗಸಿನ ಹೆಸರೊಂದೇ ಬರೆದುಕೊಟ್ಟೆ. ಯಾವ ಯಾವ ದಿನ ಎಂದೂ ಬರೆದೆ. ಅವಳು ಒಪ್ಪಿದ್ದಾಳೆ.

ನನ್ನ ಇನ್‌ಚಾರ್ಜ್ ಪಟ್ಟ ಇಳಿಯಿತು. ನೌಕರಿ ಇದೆ. ಮೇಜಿಗೆ ಈಗ ಪಟಾಕಿಯೇ ಇನ್‌ಚಾರ್ಜ್. ಮೂರು ದಿನದಿಂದ ಒಂದು ಸಲವೂ ಸಿಡಿದಿಲ್ಲ, ನೋಡಿದರೆ ಪಾಪ ಅನ್ನಿಸುತ್ತದೆ.

ನೀನು ಸಾಹೇಬರಿಗೆ ನಿಜ ಹೇಳಿದೆಯಾ? ಅದನ್ನು ಬರೆ.

ಅಕ್ಕ

ಏಪ್ರಿಲ್ 14

ಪ್ರೀತಿಯ ಅಕ್ಕನಿಗೆ,

ಹೇಳಿದೆ. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಿಮ್ಮ ಅಕ್ಕಂಗೆ ನೀವೇ ನೋಟಿಸ್ ಟೈಪ್ ಮಾಡಿದ್ರಾ?" ಎಂದು ಕೇಳಿದರು. ಹೌದು ಅಂದೆ. ಆಮೇಲೆ ಲಿಖಿತ ಎಚ್ಚರಿಕೆ ಕೊಟ್ಟರು, ಈ ವರ್ಷದ ಬಡ್ತಿ ಇಲ್ಲ ಅಂದರು. ನಿನ್ನ ಫೈಲನ್ನು ಅಂದೇ ಪಕ್ಕದ ಮೇಜಿಗೆ ಕೊಟ್ಟರು. ನಿನ್ನ ಉತ್ತರವನ್ನು ನಾನು ನೋಡಿಲ್ಲ, ನೋಡುವಂತೆಯೂ ಇಲ್ಲ. ಪಕ್ಕದ ಮೇಜಿನವರು ಬಾಯಿ ಬಿಟ್ಟದ್ದು ಇಷ್ಟೇ: "ಇನ್‌ಚಾರ್ಜ್ ಕೆಲ್ಸ ಹೋಯ್ತು, ನೌಕ್ರಿ ಉಳೀತು. ಕ್ಲಿಪ್ ಹಾಕ್ಕೊಂಡಿದ್ದಕ್ಕೆ ಆರು ತಿಂಗಳ ಭತ್ಯೆ ಕಟ್, ಕೊಳೆ ಬಟ್ಟೆ ವಿಂಗಡಿಸೋ ಕಡೆ ಹಾಕಿದಾರೆ."

ಕೊಳೆ ಬಟ್ಟೆ. ಆಸ್ಪತ್ರೆಯಿಂದ ಬಂದ ಗಂಟು ಬಿಚ್ಚುವ ಕೆಲಸ. ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿಂದ ಬಂದು ಮೂರು ಸಲ ಸ್ನಾನ ಮಾಡುತ್ತಿದ್ದದ್ದು ನೆನಪಿದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ತಪ್ಪು ಮಾಡಿದವನು ನಾನು, ಬರೆ ಬಿದ್ದದ್ದು ಅವಳಿಗೆ. ಅವಳಿಗೆ ಮಕ್ಕಳಿದ್ದಾರೆಯೇ? ನನ್ನ ಪರವಾಗಿ ಅವಳಲ್ಲಿ ಕ್ಷಮೆ ಕೇಳು. ನಾನು ಯಾರು ಎಂದೂ ಹೇಳು, ಅಡಗಿಸಬೇಡ.

ಒಂದು ಆಶ್ಚರ್ಯ. ರಜೆಯ ಕರಡನ್ನು ಮಾತ್ರ ಸಾಹೇಬರು ನನ್ನ ಕೈಯಿಂದ ತೆಗೆಯಲಿಲ್ಲ. ನಿನ್ನೆ ಸಭೆ ನಡೆಯಿತು. ಅರ್ಜಿಯಲ್ಲಿ "ಕಾರಣ" ಎಂಬ ಕಲಂ ಇರಲೇಬೇಕು ಎಂದು ಎಲ್ಲರೂ ಹಿಡಿದು ಕುಳಿತರು. ನಾನು ಬೇಡ ಅಂದೆ. "ಕಾರಣ ಕೇಳ್ದೆ ರಜೆ ಕೊಟ್ರೆ ಎಲ್ರೂ ತಗೊಳಲ್ವೇನ್ರೀ?" ಅಂದರು ಸಾಹೇಬರು. ಅಂದು ನಾಲಿಗೆಯ ತುಕ್ಕು ಬಿಟ್ಟಿತು ಅಕ್ಕ. "ಇಪ್ಪತ್ತೊಂದು ಜನಕ್ಕೆ ಐದು ಕ್ಲಿಪ್ಪಿದ್ವು ಸಾರ್. ಕಾರಣ ಕೇಳೋರಿರ್ಲಿಲ್ಲ, ಡ್ರಾಯರಿಗೆ ಬೀಗ ಇರ್ಲಿಲ್ಲ. ಹನ್ನೊಂದು ವರ್ಷದಲ್ಲಿ ಐದೂ ಖಾಲಿಯಾಗಿದ್ದು ಎರಡೇ ದಿನ. ಅಷ್ಟೂ ವರ್ಷದ ಎಣಿಕೆ ಪುಸ್ತಕ ತೆಗೆಸಿ ನೋಡಿದೆ, ಒಂದು ದಿನಾನೂ ಮೇಜಿನ ಕೆಲಸ ನಿಂತಿಲ್ಲ. ನಾವು ಇದಕ್ಕೇ ಶಿಕ್ಷೆ ಕೊಟ್ವಿ" ಅಂದೆ.

ಸಾಹೇಬರು "ಕಾರಣ" ಎಂಬ ಕಲಮಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಈ ಸಲದ ಗೆರೆ ಹೊಡೆದು ಹಾಕುವ ಗೆರೆ.

ನಿನ್ನ
ವಕೀಲ

ಏಪ್ರಿಲ್ 24

ವಕೀಲ,

ನಿನ್ನ ಕ್ಷಮೆಯನ್ನು ಅವಳಿಗೆ ತಲುಪಿಸಿದೆ. ನಕ್ಕಳು. ಮಕ್ಕಳಿಲ್ಲ, ತಮ್ಮನೊಬ್ಬನಿದ್ದಾನಂತೆ.

ಬಡ್ತಿ ಹೋದದ್ದಕ್ಕೆ ತಲೆಯ ಮೇಲೆ ಕೈ ಹೊತ್ತು ಕೂರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

ಮೇ 26

ಪ್ರೀತಿಯ ಅಕ್ಕನಿಗೆ,

ನಿಯಮ ಮಂಜೂರಾಯಿತು. ಜೂನ್ ಒಂದರಿಂದ ಐದೂ ಶಾಖೆಗಳಿಗೆ. ವರ್ಷಕ್ಕೆ ಹನ್ನೆರಡು ದಿನ ಸಂಬಳದ ರಜೆ, ಒಂದು ಸಲಕ್ಕೆ ಮೂರು ದಿನದವರೆಗೆ ಚೀಟಿ ಬೇಡ, ಭತ್ಯೆಗೆ ಕತ್ತರಿ ಇಲ್ಲ. ಕೆಲಸದಿಂದ ಬಂದ ಕಾಯಿಲೆಯಾದರೆ "ಅನರ್ಹ" ಎಂದು ಕಳಿಸುವಂತಿಲ್ಲ, ಗುಣವಾಗುವವರೆಗೆ ಹಗುರ ಕೆಲಸ ಕೊಡಬೇಕು. ಹೆಸರು "ಆಗದ ದಿನದ ರಜೆ". ನೀನು ಬರೆದ "ಮೈಗೆ ಆಗದವಳು, ಮನಸ್ಸಿಗೆ ಆಗದವಳು" ಎಂಬ ಮಾತಿನಿಂದ ಎತ್ತಿಕೊಂಡೆ. ಈ ಸಲ ಕೇಳದೆ ಎತ್ತಿಕೊಂಡದ್ದಕ್ಕೆ ಬೈಯುವುದಿಲ್ಲ ಅಂದುಕೊಂಡಿದ್ದೇನೆ.

ಅರ್ಜಿಯ ಕಟ್ಟು ಇದೇ ಚೀಲದಲ್ಲಿ ಬರುತ್ತಿದೆ. ಆ ಹೆಂಗಸಿಗೆ ಮೊದಲನೆಯದನ್ನು ಕೊಡು.

ನಿನ್ನ
ವಕೀಲ

ಜೂನ್ 8

ಅಕ್ಕ,

ಐದು ಶಾಖೆಯಿಂದ ಬಂದ ಮೊದಲ ಅರ್ಜಿ ಇವತ್ತು ಚೀಲದಿಂದ ನನ್ನ ಮೇಜಿಗೆ ಬಿತ್ತು. ಮೂರು ದಿನ, ಜೂನ್ 17ರಿಂದ. ಹೆಸರು ನಿನ್ನದು. ವಿಭಾಗ ಎಂಬಲ್ಲಿ "ಕೊಳೆ ಬಟ್ಟೆ ವಿಂಗಡಣೆ" ಎಂದಿದೆ.

ನಿನ್ನ ಕಾಗದ ನಾನು ಮುಟ್ಟಬಾರದು, ಪಕ್ಕದ ಮೇಜಿಗೆ ದಾಟಿಸಿದೆ. ಆದರೆ ಕಂಡದ್ದು ಕಂಡಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ನಿನ್ನ ಪತ್ರಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟೆ. ಫೆಬ್ರವರಿಯ ಪತ್ರದಲ್ಲೇ ಕೊನೆಯ ಪುಟದಲ್ಲಿ ಅಕ್ಷರ ದೊಡ್ಡದಾಗುತ್ತಾ ಹೋಗಿದೆ. ಮಾರ್ಚ್ ಆರರಿಂದ ಎಲ್ಲವೂ ಎಡಕ್ಕೆ ವಾಲಿವೆ. ನಾನು ಅದನ್ನು ಸಿಟ್ಟು ಅಂದುಕೊಂಡೆ. ಅಕ್ಷರ ತಿದ್ದಿಸಿದವಳಿಗೇ ಕಾಗೆ ಕಾಲು ಗುಬ್ಬಿ ಕಾಲು ಅಂದೆ. ಅವಳ ಹೆಸರು ಬರೆದುಕೊಡು, ಅವಳೊಬ್ಬಳು ಸಹಿಸಿಕೊಳ್ಳಲಿ ಅಂದೆ. ನೀನು ಬರೆದುಕೊಟ್ಟೆ. ಕ್ಷಮೆ ಕೇಳು ಅಂದೆ, ನಕ್ಕಳು ಎಂದು ನೀನು ಬರೆದೆ.

ಅರ್ಜಿಯಲ್ಲಿ ಕಾರಣ ಕೇಳಬಾರದು ಎಂದು ಸಭೆಯಲ್ಲಿ ಅಷ್ಟು ಜನರ ಮುಂದೆ ವಾದ ಮಾಡಿ ಗೆದ್ದವನು ನಾನು. ಕಚೇರಿಗೆ ಕೇಳುವ ಹಕ್ಕಿಲ್ಲ. ನಾನು ಮನೆಯವನು, ಕೇಳುತ್ತೇನೆ.

ಅಕ್ಕ, ನಿನ್ನ ಕೈಗೆ ಏನಾಗಿದೆ?

ಜೂನ್ 13

ಪ್ರೀತಿಯ ತಮ್ಮನಿಗೆ,

ಇದನ್ನು ನಾನು ಹೇಳುತ್ತಿದ್ದೇನೆ, ಪಟಾಕಿ ಬರೆಯುತ್ತಿದ್ದಾಳೆ. ಎಡಗೈಯಲ್ಲಿ ಬರೆದರೆ ಹತ್ತು ಸಾಲಿಗೆ ಅರ್ಧ ರಾತ್ರಿ ಬೇಕು, ನೀನು ಕೇಳಿದ ಪ್ರಶ್ನೆಗೆ ಹತ್ತು ಸಾಲು ಸಾಲದು.

ಬಲಗೈಯ ಮೂರು ಬೆರಳು ಸತ್ತ ಹಾಗಾಗಿವೆ. ನೀನು ಬರೆದಿದ್ದೆಯಲ್ಲ, ಮಣಿಕಟ್ಟಿನ ನರ, ಅದೇ. ಮೊಂಡು ಹೆಂಗಸಾದರೆ ಕಿವಿ ಹಿಡಿದು ಎಳೆದುಕೊಂಡು ಹೋಗು ಎಂದು ಬರೆದದ್ದನ್ನು ಓದಿ ಅಂದು ನನ್ನ ಕಿವಿ ನಾನೇ ಮುಟ್ಟಿ ನೋಡಿಕೊಂಡೆ.

ಡಿಸೆಂಬರಿನಲ್ಲಿ ಎರಡು ದಿನ ಕ್ಲಿಪ್ಪು ಹಾಕಿಕೊಂಡೆ. ಎರಡು ದಿನಕ್ಕಿಂತ ಹೆಚ್ಚು ಬೇಡ ಎಂಬ ನಿಯಮ ಮಾಡಿದವಳೇ ನಾನು, ಮೂರನೆಯ ದಿನ ಡ್ರಾಯರಿಗೆ ವಾಪಸ್ಸು ಹಾಕಿದೆ. ಹನ್ನೊಂದು ಗಂಟೆಯ ಹೊತ್ತಿಗೆ ನೋಡಿದರೆ ಹಿಂದುಗಡೆ ಏಪ್ರನ್ನಿನ ಗಂಟಿಗೆ ಯಾರೋ ಸಿಕ್ಕಿಸಿದ್ದರು. ತೆಗೆದೆ. ಮರುದಿನ ಮತ್ತೆ ಸಿಕ್ಕಿಸಿದರು. ಹೀಗೇ ಮಾರ್ಚಿನವರೆಗೆ. ನನ್ನ ಗಾಡಿಗೆ ಇನ್ನೂರು ಬೀಳುತ್ತಿತ್ತು, ಯಾರೂ ನನ್ನ ಮುಖ ನೋಡುತ್ತಿರಲಿಲ್ಲ.

(ಅಕ್ಕ ಹೇಳ್ತಿಲ್ಲ, ನಾನೇ ಸೇರಿಸ್ತಿದೀನಿ. ಸಿಕ್ಕಿಸಿದ್ದು ನಾನೇ. ನೀವು ಆ ನೋಟಿಸು ಬರ್ದಿದ್ದಕ್ಕೆ ನಿಮ್ಮನ್ನ ಚೆನ್ನಾಗಿ ಬೈಬೇಕು ಅಂತಿದ್ದೆ. ಆಮೇಲೆ ರಜೆ ಕಾಗದ ಬಂತು, ಬಾಯಿ ಮುಚ್ಕೊಂಡೆ. ಪಟಾಕಿ.)

ನಿನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ನೀನು ನಿಯಮ ಬಿಟ್ಟು ನನ್ನೊಬ್ಬಳ ಬೆನ್ನು ಹತ್ತುತ್ತಿದ್ದೆ. ಮಾರ್ಚಿನಲ್ಲಿ ಹೇಳಿದ್ದರೆ ಆ ಹೆಸರು ಬರೆಯಲು ಬಿಡುತ್ತಿರಲಿಲ್ಲ, ಇನ್ನೊಂದು ಹೆಸರು ಹುಡುಕುತ್ತಿದ್ದೆ. ಬರೆದುಕೊಡಲು ನನ್ನ ಹಕ್ಕಿನಲ್ಲಿದ್ದ ಹೆಸರು ಅದೊಂದೇ. ಸಿಟ್ಟು ನನಗೂ ಇತ್ತು, ಇಲ್ಲ ಅನ್ನುವುದಿಲ್ಲ. ಈಗ ಇಲ್ಲ.

ಚಿಕಿತ್ಸೆಗೆ ಕಂಪನಿಯ ವಿಮೆ ಮೊದಲಿನಿಂದಲೂ ಇದೆ. ಆದರೆ ರಜೆ ಇಲ್ಲದೆ ವಿಮೆ ಕೊಡುವುದು ಬೀಗ ಕೊಟ್ಟು ಕೀಲಿಕೈ ಇಟ್ಟುಕೊಂಡ ಹಾಗೆ. ಈಗ ಕೀಲಿಕೈ ಬಂತು. ಹದಿನೇಳಕ್ಕೆ ಆಪರೇಷನ್. ಆಮೇಲಿನ ದಿನಗಳಿಗೆ ಡಾಕ್ಟರ ಚೀಟಿಯನ್ನೂ ತಂದುಕೊಡುತ್ತೇನೆ, ಆಗ ಹೇಗೂ ಆಸ್ಪತ್ರೆಯಲ್ಲೇ ಇರುತ್ತೇನಲ್ಲ, ಬಸ್ಸು ಹತ್ತಬೇಕಾಗಿಲ್ಲ. ಪಟ್ಟ ವಾಪಸ್ಸು ಬರುವುದಿಲ್ಲ, ಭತ್ಯೆಯೂ ಬರುವುದಿಲ್ಲ. ಪೂರ್ತಿ ನ್ಯಾಯ ಸಿಕ್ಕಿತು ಎಂದು ನಾನು ಹೇಳುವುದಿಲ್ಲ, ನೀನೂ ಹೇಳಬೇಡ.

ಜೂನ್ ಒಂದರಂದು ಪಟಾಕಿ ಡ್ರಾಯರು ತೆಗೆದು ನಾಲ್ಕು ಕ್ಲಿಪ್ಪನ್ನು ತಾರಸಿಗೆ ಕೊಂಡುಹೋಗಿ ಹಗ್ಗಕ್ಕೆ ಹಾಕಿದಳು. ಐದನೆಯದು ಈ ಹಾಳೆಗಳನ್ನು ಹಿಡಿದುಕೊಂಡಿದೆ, ನೋಡು.

ಇಲ್ಲಿಂದ ನಾನೇ ಬರೆಯುತ್ತೇನೆ. ಎಡಗೈ.

ಆ ರಜೆ ಕಚೇರಿಯವರಿಗೂ ಇದೆ ತಾನೆ? ಅಕ್ಕನಿಗೆ ಕೈ ಕೊಯ್ಯುವ ದಿನ ತಮ್ಮನಿಗೂ ಆಗದ ದಿನವೇ. ಹದಿನೇಳಕ್ಕೆ ಬಾ. ಕಾರಣ ಬರೆಯಬೇಕಾಗಿಲ್ಲ.

ಕ್ಲಿಪ್ಪು ವಾಪಸ್ಸು ತಾ. ಹಗ್ಗದಲ್ಲಿ ಒಂದು ಕಡಿಮೆ ಬಿದ್ದಿದೆ.

ಅಕ್ಕ